ಆಯೇರಿಗೆ ಬಿಟ್ಟ ಜಾಗ

ಜನವರಿ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ನಿಪ್ಪಾಣಿಯ ತಂಬಾಕಿನ ವಖಾರಿ. ಹಾಜರಿದ್ದವರು ಕಸ್ತೂರಿ, ಢೋಲಕಿಯ ದಸ್ತಗೀರ ಮತ್ತು ನಾನು.

ಕಸ್ತೂರಿ ಹಾಡುತ್ತಿದ್ದಳು. "ಆಧಾರ್ ಕಾರ್ಡ ಎಲ್ಲಿಟ್ಟಿ? ಗ್ಯಾಸಿನ ಬುಕ್ಕ ಎಲ್ಲಿಟ್ಟಿ? ಎಮ್ಮಿ ಹಗ್ಗ ಯಾರ ಬಿಚ್ಚಿದ್ರ?"

ಇದೇ ವಖಾರಿಯ ಬಾಗಿಲಲ್ಲಿ ಮೊದಲ ಸಲ ಈ ಸಾಲುಗಳನ್ನು ಕೇಳಿದಾಗ ಕೈಯಲ್ಲಿದ್ದ ಟ್ರಂಕು ಇಳಿಸುವುದನ್ನೂ ಮರೆತು ನಿಂತುಬಿಟ್ಟಿದ್ದೆ. ಒಳಗೆ ಖಾರವಾದ ತಂಬಾಕಿನ ವಾಸನೆ. ಎತ್ತರದ ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ಖಾಕಿ ಸಮವಸ್ತ್ರದಲ್ಲೇ ನಿಂತು, ಆಧಾರ್ ಕಾರ್ಡು ಕಾಣೆಯಾದ ಸಂಕಟವನ್ನು ತಾರಸ್ಥಾಯಿಯಲ್ಲಿ ಹಾಡುತ್ತಿದ್ದಳು. ಸುತ್ತ ಕೂತವರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ನಾನು ನಗಬೇಕೆಂದು ಬಾಯಿ ತೆರೆದೆ, ಸೀನು ಬಂತು. ಈ ವಖಾರಿಯಲ್ಲಿ ಹೊಸಬರು ಮೊದಲು ಮಾಡುವ ಕೆಲಸವೇ ಅದು ಎಂದು ದಸ್ತಗೀರ ಆಮೇಲೆ ಹೇಳಿದ. ವಖಾರಿ ಎಂದರೆ ಗೋದಾಮು. ತಂಬಾಕು ಖಾಲಿಯಾಗಿ ಎಷ್ಟೋ ವರ್ಷ ಕಳೆದರೂ ಗೋಡೆಗಳು ಅದನ್ನು ಬಿಟ್ಟುಕೊಟ್ಟಿಲ್ಲ.

ಮೈಸೂರಿನ ಕಡೆಯ ಓದುಗರಿಗೆ ನಾನಿಲ್ಲಿಗೆ ಬಂದ ಕಾರಣ ಹೇಳಬೇಕು. ನಾನು ಸರ್ಕಾರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಲು ಸೇರಿ, ಬ್ಯಾಂಡ್ ಮೇಸ್ಟ್ರಾಗಿ ನಿವೃತ್ತನಾದವನು. ಮದುವೆಯಾಗಲಿಲ್ಲ. ತಂಗಿ ವನಜಳ ಮನೆಯ ಮುಂಭಾಗದ ಕೋಣೆಯಲ್ಲಿದ್ದೆ. ಬೆಳಗಿನ ನಡಿಗೆ, ಪತ್ರಿಕೆ, ಕ್ಲಾರಿನೆಟ್ಟಿನ ಸಾಧನೆ, ಊಟ, ನಿದ್ರೆ, ಎಲ್ಲಕ್ಕೂ ವೇಳೆ ಗೊತ್ತುಮಾಡಿಕೊಂಡಿದ್ದೆ. ಹಾಗಿರುವಾಗ ನಿಪ್ಪಾಣಿಯಿಂದ ಸುಲೋಚನಾ ಅವರ ಫೋನು ಬಂತು. ಸದಲಗಾದ ಕಬ್ಬಿನ ತೋಟದ ಮನೆತನದವರು. ಇಲ್ಲಿ ಎಲ್ಲರಿಗೂ ಅವರು ಅಕ್ಕಾರು. ಅವರದೊಂದು ನಾಟಕ ಕಂಪನಿ. ಆದರೆ ಹಳೆಯ ಆಟಗಳನ್ನು ಆಡುವುದಿಲ್ಲ. ಒಬ್ಬ ಕವಿಯನ್ನೂ ಒಬ್ಬ ಸಂಗೀತಗಾರನನ್ನೂ ಗೊತ್ತುಮಾಡಿ, ಅವರ ಖರ್ಚು ನೋಡಿಕೊಂಡು, ಇಂದಿನ ಬದುಕಿನ ಬಗ್ಗೆ ಹೊಸ ಆಟ ಬರೆಸಿ ಆಡಿಸುತ್ತಾರೆ. ಅದರಲ್ಲಿ ಮಾತೇ ಇಲ್ಲ, ಮೊದಲಿಂದ ಕೊನೆಯವರೆಗೂ ಹಾಡು. ಪಾಶ್ಚಾತ್ಯರು ಅಪೆರಾ ಎನ್ನುವಂಥದು. ಇಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಡಿನಾಟ ಎಂದರೆ ಸಾಕು.

ಈ ಸಲದ ಆಟ ನದಿಯ ಮಹಾಪೂರದ್ದು. ನೀರು ಏರುತ್ತಿರುವ ಊರು, ದೋಣಿ ಬಂದರೂ ಎಮ್ಮೆ ಬಿಟ್ಟು ಹೊರಡದ ಒಬ್ಬ ಹೆಂಗಸು. ಸಂಗೀತ ಬರೆದವನು ಪುಣೆಯ ಹುಡುಗ ಅನಿಕೇತ. ಅವನು ಬರೆದದ್ದು ಐದು ಗೆರೆಯ ಸ್ವರಲಿಪಿಯಲ್ಲಿ. ಊದುವವರು ಮಾತ್ರ ಇಲ್ಲಿನ ಮದುವೆ ಮೆರವಣಿಗೆಯ ಬ್ಯಾಂಡಿನವರು. ಒಮ್ಮೆ ಕೇಳಿದ ಯಾವ ಹಾಡನ್ನಾದರೂ ನುಡಿಸುತ್ತಾರೆ, ಬರೆದದ್ದನ್ನು ಓದಲು ಬರುವುದಿಲ್ಲ. ಅವರಿಗೆ ಓದು ಕಲಿಸಿ, ತಾಲೀಮನ್ನು ಒಂದು ಶಿಸ್ತಿಗೆ ತರಲು ಒಬ್ಬರು ಬೇಕಿತ್ತು. ಮೂರು ತಿಂಗಳ ಕೆಲಸ ಎಂದು ಬಂದೆ. ಈಗ ಎರಡನೆಯ ಸಂಕ್ರಾಂತಿ ಕಳೆದಿದೆ.

ಮನೆ ಸಿಕ್ಕಿದ್ದು ಪೇಟೆಯ ಒಂದು ಮಾಳಿಗೆಯ ಮೇಲೆ. ನಮ್ಮಲ್ಲಿ ಬಾಡಿಗೆಗೆ ಹೋದರೆ ಏನು ಕೆಲಸ, ಎಷ್ಟು ಜನ ಎಂದು ಕೇಳುತ್ತಾರೆ. ಇಲ್ಲಿಯ ಯಜಮಾನಿ ಕೇಳಿದ್ದು ರೊಟ್ಟಿ ಯಾರು ಬಡಿದುಕೊಡುತ್ತಾರೆ ಎಂದು. ನನಗೆ ರಾಗಿ ಮುದ್ದೆ ಮಾಡಿಕೊಳ್ಳಲು ಬರುತ್ತದೆ ಎಂದೆ. ಆಕೆ ಪಾಪ ಎಂಬಂತೆ ನೋಡಿ, ಅಂದಿನಿಂದ ಎರಡು ಭಾಕರಿ ಕಳಿಸತೊಡಗಿದರು. ಜೋಳದ ರೊಟ್ಟಿಗೆ ಇಲ್ಲಿ ಮರಾಠಿಯ ಆ ಹೆಸರೂ ಉಂಟು. ಒಂದೇ ಮನೆಯಲ್ಲಿ ಅತ್ತೆ ಮರಾಠಿಯಲ್ಲಿ ಕೇಳುತ್ತಾರೆ, ಸೊಸೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದೊಂದು ವಿಶೇಷವೆಂದು ಅನ್ನಿಸುವುದಿಲ್ಲ. ನನ್ನ ಕನ್ನಡವನ್ನು ಮಾತ್ರ ಎಲ್ಲರೂ ಆಕಾಶವಾಣಿ ಕೇಳುವಂತೆ ಸುಮ್ಮನೆ ಕೂತು ಕೇಳುತ್ತಿದ್ದರು. ಗೌರವವೇನೋ ಸಿಕ್ಕಿತು, ಹರಟೆ ಸಿಗಲಿಲ್ಲ. ಮೊದಲ ತಿಂಗಳುಗಳಲ್ಲಿ ಸಂಜೆಯ ಹೊತ್ತು ಬಸ್ ನಿಲ್ದಾಣದಲ್ಲಿ ಹೋಗಿ ಕೂರುತ್ತಿದ್ದೆ. ಬೆಂಗಳೂರಿನ ಬಸ್ಸು ಬಂದರೆ ಅದರಿಂದ ಇಳಿಯುವವರ ಮಾತು ಸ್ವಲ್ಪ ಹೊತ್ತು ಕಿವಿಗೆ ಬೀಳುತ್ತಿತ್ತು.

ನನ್ನ ವೇಳಾಪಟ್ಟಿ ಮೊದಲ ವಾರವೇ ಮುರಿದುಬಿತ್ತು. ಮೇಳದಲ್ಲಿ ಹಾಡುವವರೆಲ್ಲ ರೈತರು. ಹೊಲಕ್ಕೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ. ದೋಣಿ ಬರುವ ದೃಶ್ಯದ ತಾಲೀಮು ಏರಿ ನಿಂತಾಗ ಒಬ್ಬನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಕರೆಂಟು ಬಂತು ಎಂಬ ಸುದ್ದಿ. ಅರ್ಧ ಮೇಳ ಮೋಟಾರು ಚಾಲೂ ಮಾಡಲು ಎದ್ದು ಹೋಗುತ್ತದೆ. ನಾನು ಸಿಟ್ಟಾದೆ. ದಸ್ತಗೀರ ಢೋಲಕಿಯ ಹಗ್ಗ ಬಿಗಿಯುತ್ತ, "ಮಾಸ್ತರ, ನೀವು ಆಟದಾಗ ನೀರು ಜಾಸ್ತಿ ಆತಂತ ಹಾಡಿಸಾಕತ್ತೀರಿ. ಅವರು ನೀರು ಸಾಲವಲ್ದು ಅಂತ ಓಡಾಕತ್ತಾರ" ಅಂದ. ಕೊನೆಗೆ ಗೆದ್ದದ್ದು ಕರೆಂಟೇ. ಪಾಳಿಯ ಪ್ರಕಾರ ತಾಲೀಮು ಇಟ್ಟೆ. ಆಮೇಲೆ ಒಬ್ಬರೂ ತಡವಾಗಿ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಂಡಿನವರು ಕಾಗದ ನೋಡಿ ಊದತೊಡಗಿದರು. ನನ್ನ ಮಟ್ಟಿಗೆ ದೊಡ್ಡ ಸಂತೋಷ ಅದು.

ಕಸ್ತೂರಿ ರಾಯಬಾಗದಲ್ಲಿ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬರುತ್ತಾಳೆ. ಎಮ್ಮೆ ಬಿಟ್ಟು ಹೊರಡದ ಹೆಂಗಸಿನ ಪಾತ್ರ ಅವಳದು. ತಾಯಿ ಇಲ್ಲದ ಅವಳನ್ನು ಸಾಕಿದವರು ಐನಾಪುರದ ಸೋದರಮಾವ ಅಪ್ಪಾಸಾಬ. ಸ್ವಲ್ಪ ದ್ರಾಕ್ಷಿ ತೋಟವಿದೆ. ನೌಕರಿಗೆ ಸೇರಿಸಿದವರೂ ಅವರೇ. ಆದರೆ ಅವಳು ಹಾಡಿನಾಟಕ್ಕೆ ಸೇರಿದ ದಿನದಿಂದ ಮಾತು ಬಿಟ್ಟರು. ಬಣ್ಣ ಹಚ್ಚಿ ಹಾಡುವ ಹೆಂಗಸರ ಬಗ್ಗೆ ಹಳಬರ ಮನಸ್ಸಿನಲ್ಲಿರುವ ಹೀಗಳಿಕೆ ಅವರಲ್ಲೂ ಇತ್ತು. ಬಿಡುವಿನ ಹೊತ್ತಿನಲ್ಲಿ ಅವಳು ಹೇಳುತ್ತಿದ್ದದ್ದು ಅವರ ವಿಷಯವನ್ನೇ. ಮೊದಲ ಪ್ರಯೋಗ ಐನಾಪುರದಲ್ಲೇ ಎಂದು ಅಕ್ಕಾರು ನಿಶ್ಚಯಿಸಿದಾಗ, ಮಾವನಿಗೆ ಹೇಳಿಕಳಿಸಿದಳು. ಬರುತ್ತೇನೆ ಎಂಬ ಉತ್ತರವೂ ಬಂತು. ಆ ದಿನ ತಾಲೀಮಿನಲ್ಲಿ ಅವಳ ಧ್ವನಿ ತಗಡಿನ ಮಾಡನ್ನು ನಡುಗಿಸಿತು.

ಐನಾಪುರದ ಶಾಲೆಯ ಬಯಲಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಯಿತು. ಜನ ತುಂಬಿದ್ದರು. ಅನಿಕೇತ ಮುಂದೆ ನಿಂತು ತಾಳ ಕೊಡುತ್ತಿದ್ದ. ನಾನು ವೇದಿಕೆಯ ಮೆಟ್ಟಿಲ ಬಳಿ ಇದ್ದೆ. ಎಮ್ಮೆಯ ಹಗ್ಗ ಹಿಡಿದು ಕಸ್ತೂರಿ ಹಾಡುವ ದೊಡ್ಡ ಹಾಡು ಮುಗಿಯುತ್ತಿದ್ದಂತೆ, ಉಸಿರಿಗೂ ಎಡೆಯಿಲ್ಲದೆ ದೋಣಿಯವರ ಹಾಡು ಶುರುವಾಗುತ್ತದೆ. ಅಲ್ಲಿಂದ ಕೊನೆಯವರೆಗೆ ಎಲ್ಲೂ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಒಬ್ಬ ಹಿರಿಯರು ಜನರ ನಡುವಿನಿಂದ ಎದ್ದು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಬಿಳಿ ಟೊಪ್ಪಿಗೆ, ಧೋತರ, ಕಂಕುಳಲ್ಲಿ ಪತ್ರಿಕೆ ಸುತ್ತಿದ ಗಂಟು. ಕಾಗದ ಒಂದು ಕಡೆ ಹರಿದು ಗಿಳಿ ಹಸಿರು ಬಣ್ಣ, ಕೆಂಪು ದಡಿ ಕಾಣುತ್ತಿತ್ತು. ಹಾಡು ಮುಂದೆ ಹೋಯಿತು. ಅವರು ನಿಂತೇ ಇದ್ದರು. ಕೂತಲ್ಲಿಂದ ಸರಿಯಾಗಿ ಕಾಣುತ್ತಿಲ್ಲವೇನೋ, ಮಂಡಿ ನೋವೇನೋ ಎಂದುಕೊಂಡು ಪಕ್ಕದಿಂದ ಒಂದು ಕುರ್ಚಿ ತಂದು ಹಾಕಿದೆ. "ಇರ್ಲಿ ಬಿಡ್ರಿ" ಅಂದರು. ಒತ್ತಾಯಿಸಿದೆ. ತುದಿಯಲ್ಲಿ ಕೂತರು. ಮತ್ತೆ ಎದ್ದರು, ಮತ್ತೆ ಕೂತರು. ಜನ ಆಟವನ್ನೂ ಅವರನ್ನೂ ಸರದಿಯಂತೆ ನೋಡುತ್ತಿದ್ದರು. ಆಟ ಮುಗಿದು ಚಪ್ಪಾಳೆ ಬಿದ್ದಾಗ ತಿರುಗಿ ನೋಡಿದೆ. ಕುರ್ಚಿ ಖಾಲಿ.

ಬಣ್ಣ ಒರೆಸಿಕೊಳ್ಳುತ್ತ ಕಸ್ತೂರಿ ಕೇಳಿದಳು, "ಮಾಮಾ ಕೆಳಗ ನಿಂತಿದ್ರಲ್ರೀ ಮಾಸ್ತರ, ಏನರ ಅಂದ್ರೇನು?"

ಅವರು ಮಾವನೆಂದು ನನಗೆ ಗೊತ್ತಾದದ್ದು ಆಗಲೇ. ಕುರ್ಚಿ ಕೊಟ್ಟೆ ಎಂದೆ. ಅವಳು ಕನ್ನಡಿಯ ಕಡೆ ತಿರುಗಿದಳು. ವಿವರಿಸಿದವನು ದಸ್ತಗೀರ. ಈ ಕಡೆ ಆಟ ನಡೆಯುವಾಗ ಒಳ್ಳೆಯ ಹಾಡಿಗೆ ಮೆಚ್ಚಿದವರು ವೇದಿಕೆ ಹತ್ತಿ ಬಟ್ಟೆ, ಟವೆಲು, ಕುಬಸದ ಕಣ ಎನ್ನುವ ರವಿಕೆಯ ಬಟ್ಟೆ, ಹೀಗೆ ಏನಾದರೂ ಕೊಡುತ್ತಾರೆ. ಅದು ಆಯೇರಿ. ಆಟ ಅಲ್ಲೇ ನಿಲ್ಲುತ್ತದೆ. ಇಂಥ ಊರಿನ ಇಂಥವರು ಇಂಥವರಿಗೆ ಕೊಟ್ಟರು ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆ. ಪಾತ್ರಧಾರಿ ಅದನ್ನು ಕಣ್ಣಿಗೊತ್ತಿಕೊಂಡ ಮೇಲೆ ಆಟ ಮುಂದುವರಿಯುತ್ತದೆ. ನಮ್ಮ ಮೈಸೂರಿನಲ್ಲಿ ಸನ್ಮಾನವೆಂದರೆ ಆಟ ಮುಗಿದ ಮೇಲೆ ಶಾಲು. ಇಲ್ಲಿ ಆಟ ಮುಗಿದ ಮೇಲೆ ಕೊಟ್ಟರೆ ಅದು ಮನೆಯಲ್ಲಿ ಕೊಟ್ಟಂತೆ, ಲೆಕ್ಕಕ್ಕಿಲ್ಲ. ಬಣ್ಣ ಹಚ್ಚಿ ನಿಂತವಳಿಗೆ, ಊರೆಲ್ಲ ನೋಡುವಾಗ ಕೊಡಬೇಕು. ಅಪ್ಪಾಸಾಬ ಅವರು ಸೀರೆ ಹಿಡಿದು ಮೆಟ್ಟಿಲ ಬಳಿ ಬಂದದ್ದು, ಇವಳು ನನ್ನ ತಂಗಿಯ ಮಗಳು ಎಂದು ಊರಿಗೆ ಹೇಳಲು.

"ಇಷ್ಟು ತಿಂಗಳ ತಾಲೀಮಿನಲ್ಲಿ ಒಬ್ಬರೂ ಯಾಕೆ ಹೇಳಲಿಲ್ಲ?" ಎಂದೆ.

ಕಸ್ತೂರಿ ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ನನಗ ಆಯೇರಿ ಬರತೈತಿ, ಜಾಗಾ ಬಿಡ್ರಿ ಅಂತ ಬಾಯಿ ಬಿಟ್ಟ ಹ್ಯಾಂಗ ಕೇಳೂದ್ರೀ? ಬೇಡಿಧಂಗ ಆಗತೈತಿ."

ಆಗಿದ್ದು ಅದೇ. ಗೊತ್ತಿದ್ದವರೆಲ್ಲ ನಾಚಿ ಸುಮ್ಮನಿದ್ದರು, ನಾಚಿಕೆಯಿಲ್ಲದೆ ಕೇಳಬಹುದಾಗಿದ್ದ ಅನಿಕೇತನಿಗೂ ನನಗೂ ಗೊತ್ತಿರಲಿಲ್ಲ. ಅಕ್ಕಾರಿಗೂ ಅದು ಹೊಳೆಯಲಿಲ್ಲವಂತೆ. ಅವರ ಮನೆಯವರು ಯಾವಾಗಲೂ ಕೊಡುವ ಕಡೆ ಇದ್ದವರು, ಎದ್ದಾಗ ಆಟ ತಾನಾಗಿ ನಿಲ್ಲುತ್ತಿತ್ತು. ಕಸ್ತೂರಿ ಹಾಡನ್ನು ನಿಲ್ಲಿಸಬಹುದಿತ್ತು. ಬ್ಯಾಂಡು ನಡೆಯುತ್ತಿರುವಾಗ ಏನೇ ಆಗಲಿ ಯಾರೂ ನಿಲ್ಲಬಾರದು ಎಂದು ಅವಳಿಗೆ ದಿನದಿನವೂ ಕಲಿಸಿದ್ದೆ. ಕಲಿತಿದ್ದಳು.

ಮರುವಾರ ವಖಾರಿಯಲ್ಲಿ ಚರ್ಚೆ ನಡೆಯಿತು. ಅನಿಕೇತ ಒಳ್ಳೆಯ ಹುಡುಗ, ಆದರೆ ಬರೆದದ್ದನ್ನು ಸುಲಭಕ್ಕೆ ಬಿಡುವವನಲ್ಲ. ಮಹಾಪೂರ ಯಾರಿಗಾಗಿಯೂ ನಿಲ್ಲುವುದಿಲ್ಲ, ಆದ್ದರಿಂದಲೇ ಸಂಗೀತವೂ ನಿಲ್ಲದಂತೆ ಬರೆದೆ ಎಂದು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ವಾದಿಸಿದ. ಅದರಲ್ಲಿ ನ್ಯಾಯವಿತ್ತು. ನಾನೂ ಅವನ ಪರವಾಗಿ ಎರಡು ಮಾತಾಡಿದೆ.

ಅಕ್ಕಾರು ತಡೆದರು. "ನೀರು ನಿಲ್ಲೂದಿಲ್ಲ, ಖರೆ. ಆದ್ರ ನಡು ನೀರಾಗ ನಿಂತ ಮಂದಿ ಒಬ್ರ ಕೈ ಒಬ್ರು ಹಿಡಿದಿದ್ರು. ಅದು ನಿನ್ನ ಹಾಡಿನಾಗ ಎಲ್ಲೈತಿ, ತಮ್ಮಾ?"

ಅನಿಕೇತ ಎರಡು ದಿನ ಹಾಳೆಗಳ ಮುಂದೆ ಕೂತ. ಮೂರನೆಯ ದಿನ ದೊಡ್ಡ ಹಾಡಿನ ನಂತರ ಒಂದು ಜಾಗ ಮಾಡಿದ. ಕ್ಲಾರಿನೆಟ್ಟುಗಳು ಒಂದೇ ಸ್ವರ ಹಿಡಿದು ನಿಲ್ಲುತ್ತವೆ, ಢೋಲಕಿ ಮೆಲ್ಲಗೆ ಎದೆ ಬಡಿತದಂತೆ ನಡೆಯುತ್ತದೆ. ಆಟ ನಿಂತಿತು ಎನ್ನುವಂತಿಲ್ಲ, ನಡೆಯಿತು ಎನ್ನುವಂತೆಯೂ ಇಲ್ಲ. ಕೇಳಿದರೆ ನೀರಿನ ನಡುವೆ ಕಾಯುವಂತೆಯೇ ಇತ್ತು. ಆಟ ಮೊದಲಿಗಿಂತ ಚೆನ್ನಾಯಿತು. ಅಥಣಿಯ ಪ್ರಯೋಗದಲ್ಲಿ ಜನ ಆ ಜಾಗವನ್ನು ತಟ್ಟನೆ ಗುರುತಿಸಿದರು. ಕಸ್ತೂರಿಗೆ ಜೊತೆಯ ಕಂಡಕ್ಟರ್ ಹೆಂಗಸರು ಕಣ ಕೊಟ್ಟರು. ಒಬ್ಬ ಪುಣ್ಯಾತ್ಮ ಬಣ್ಣ ಬಳಿದ ಗೋಣಿತಟ್ಟಿನ ಎಮ್ಮೆಗೂ ಒಂದು ಟವೆಲು ಹೊದಿಸಿ ಹೋದ. ಬಯಲೆಲ್ಲ ನಕ್ಕಿತು, ಕಸ್ತೂರಿಯೂ ನಕ್ಕಳು. ಆದರೆ ಅವಳ ಕಣ್ಣು ಮೆಟ್ಟಿಲ ಕಡೆಗಿತ್ತು. ಐನಾಪುರದಿಂದ ಯಾರೂ ಬಂದಿರಲಿಲ್ಲ.

ಇಂದಿನ ತಾಲೀಮು ಬೇಗ ಮುಗಿಸಿದ್ದಕ್ಕೆ ಕಾರಣ ಕುಸುರೆಳ್ಳು. ನಮ್ಮಲ್ಲಿ ಸಂಕ್ರಾಂತಿಯ ಎಳ್ಳು ಅದೇ ದಿನ ಬೀರಿ ಮುಗಿಯುತ್ತದೆ. ಇಲ್ಲಿ ಸಕ್ಕರೆ ಪಾಕ ಕಟ್ಟಿದ ಈ ಬಿಳಿ ಎಳ್ಳನ್ನು ರಥಸಪ್ತಮಿಯವರೆಗೂ ಹಿರಿಯರಿಗೆ ಕೊಟ್ಟು ಕಾಲು ಮುಟ್ಟಿ ಬರಬಹುದು. ಕಸ್ತೂರಿಗೆ ಇಂದು ವಾರದ ರಜೆ. ಮಾವನ ಮನೆಗೆ ಒಬ್ಬಳೇ ಹೋಗಲು ಧೈರ್ಯ ಸಾಲದು, ನೀವು ಬರ್ರಿ ಎಂದಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯವರೆಗೆ ಅವಳು ಆ ಬಸ್ಸಿನ ಕಂಡಕ್ಟರನ ತಪ್ಪುಗಳನ್ನೆಲ್ಲ ಮೆಲುದನಿಯಲ್ಲಿ ನನಗೆ ಒಪ್ಪಿಸಿದಳು. ಆಮೇಲೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳತೊಡಗಿದಾಗ ಕುಸುರೆಳ್ಳಿನ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಅಪ್ಪಾಸಾಬ ತೋಟದ ಬದುವಿನಲ್ಲೇ ಸಿಕ್ಕರು. ನನ್ನನ್ನು ಕಂಡೊಡನೆ ಗುರುತು ಹಿಡಿದರು.

"ಬರ್ರಿ ಬರ್ರಿ. ಅವತ್ತ ಕುರ್ಚಿ ಕೊಟ್ಟಾವ್ರು ನೀವ ಅಲ್ಲೇನ್ರಿ? ಭಾಳ ಉಪಕಾರ ಆತು. ಮೊಳಕಾಲ ನೋವು ಇದ್ದದ್ದು ಖರೆ."

ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮನೆಯ ಅಂಗಳದಲ್ಲಿ ತಾವೇ ಕುರ್ಚಿ ತಂದು, ಟವೆಲಿನಿಂದ ಒರೆಸಿ ನನ್ನನ್ನು ಕೂರಿಸಿದರು. ಕಸ್ತೂರಿ ಕುಸುರೆಳ್ಳು ಕೊಟ್ಟು ಕಾಲು ಮುಟ್ಟಿದಳು. ಅವರು ತಲೆಯ ಮೇಲೆ ಕೈಯಿಟ್ಟು, "ಹ್ಯಾಂಗದಿ? ಡ್ಯೂಟಿ ಯಾವ ರೂಟಿಗೆ ಹಾಕ್ಯಾರ?" ಎಂದು ಕೇಳಿದರು. ಅಷ್ಟು ಕಾಲದ ಮೌನ ಅಷ್ಟು ಸಲೀಸಾಗಿ ಮುಗಿಯಿತೆಂದು ನನಗೆ ನಂಬಿಕೆಯೇ ಬರಲಿಲ್ಲ. ಒಳಗಿನಿಂದ ಅವರ ಮಗನ ಹೆಂಡತಿ ಚಹಾ ತಂದಳು. ಗಿಳಿ ಹಸಿರು ಸೀರೆ, ಕೆಂಪು ದಡಿ, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ.

ಕಸ್ತೂರಿ ಚಹಾದ ಬಸಿಯನ್ನು, ಅಂದರೆ ಸಾಸರನ್ನು, ಕೆಳಗಿಟ್ಟಳು. ಬಳಿಕ, "ಚಂದ ಒಪ್ಪತೈತಿ ವೈನಿ, ನಿಮಗ" ಅಂದಳು. ವೈನಿ ಎಂದರೆ ಅತ್ತಿಗೆ.

"ಸಂಕ್ರಮಣಕ್ಕ ಮಾವ್ರು ಕೊಟ್ರು. ನನಗ ಗೊತ್ತೂ ಇರಲಿಲ್ಲ, ತಂದಿಟ್ಟಿದ್ರಂತ" ಎಂದಳು ಆಕೆ ಸಂತೋಷದಿಂದ.

ಚಿಕ್ಕೋಡಿಯ ಪ್ರಯೋಗ ಬರುವ ಶನಿವಾರ. ಕಸ್ತೂರಿ ಆ ಮಾತು ಎತ್ತಲಾರಳು, ಎತ್ತಿದರೆ ಬೇಡಿದಂತೆ. ನಾನು ಹೊರಗಿನವನು, ನನಗೆ ಆ ನಾಚಿಕೆ ಇಲ್ಲ. ಆಟದಲ್ಲಿ ಈಗ ಆಯೇರಿಗೆ ಜಾಗ ಮಾಡಿದ್ದೇವೆ, ತಾವು ಬರಬೇಕು, ಕರೆದುಕೊಂಡು ಹೋಗಲು ಗಾಡಿ ಕಳಿಸುತ್ತೇವೆ ಎಂದು ನೇರವಾಗಿ ಹೇಳಿಬಿಟ್ಟೆ.

ಅವರು ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು ಕೆಳಗಿಟ್ಟರು. "ನಾ ಒಮ್ಮೆ ಎದ್ದ ನಿಂತಿದ್ನಿರಿ, ಮಾಸ್ತರ. ಊರ ಮಂದಿ ನೋಡ್ಯಾರ. ಹಂಗ ತಿರುಗಿ ಬಂದದ್ದೂ ನೋಡ್ಯಾರ. ಇನ್ನೊಮ್ಮೆ ನಿಂದರೂದು ನನ್ನ ಕಡಿಂದ ಆಗೂದಿಲ್ಲ." ಹೆಚ್ಚು ಒತ್ತಾಯಿಸಬೇಡಿ ಎಂಬಂತೆ ನನ್ನ ಕೈ ಮೇಲೆ ಕೈಯಿಟ್ಟರು. ಆಮೇಲೆ ಕಸ್ತೂರಿಯ ಕಡೆ ನೋಡದೆ, ದ್ರಾಕ್ಷಿಯ ಸಾಲುಗಳನ್ನು ನೋಡುತ್ತ, "ಹಾಡ ಮಾತ್ರ ಛಲೋ ಹಾಡಿದಿ. ನಿಮ್ಮವ್ವನ ಧ್ವನಿ ಬಂತು" ಅಂದರು.

ಅದನ್ನು ಕೇಳಿದವರು ನಾನು, ಸೊಸೆ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆ. ಆ ದಿನ ಶಾಲೆಯ ಬಯಲಿನಲ್ಲಿ ಇಡೀ ಊರಿತ್ತು.

ಹೊರಡುವಾಗ ಒಂದು ಚೀಲ ದ್ರಾಕ್ಷಿ ಕೊಟ್ಟರು. ತಿರುಗಿ ಬರುವ ಬಸ್ಸಿನಲ್ಲಿ ಕಸ್ತೂರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತು ಶುರುವಾಯಿತಲ್ಲ, ಅದೇ ದೊಡ್ಡದು ಎಂದು ಸಮಾಧಾನ ಹೇಳಲು ನೋಡಿದೆ.

"ಹೌದ್ರಿ. ಮನ್ಯಾಗ ಹೇಳಿದ್ರು" ಎಂದಳು. ರಾಯಬಾಗದ ಬಸ್ಸಿಗೆ ಅವಳು ಚಿಕ್ಕೋಡಿಯಲ್ಲಿ ಇಳಿದಳು. ಅರ್ಧ ದ್ರಾಕ್ಷಿ ನನ್ನ ಚೀಲಕ್ಕೆ ಸುರಿದು ಹೋದಳು.

ವಖಾರಿಗೆ ಮರಳಿದಾಗ ಸಂಜೆಯಾಗಿತ್ತು. ವನಜಳ ಫೋನು ಬಂತು. ಹಬ್ಬಕ್ಕೂ ಬರಲಿಲ್ಲವಲ್ಲ, ನಿನ್ನ ಕೋಣೆಯಲ್ಲಿ ಈಗ ಹೊಲಿಗೆ ಯಂತ್ರ ಇಟ್ಟಿದ್ದೇನೆ, ಬರುವುದಾದರೆ ತೆಗೆಯುತ್ತೇನೆ ಎಂದಳು. ಆಟದ ಕೆಲಸ ಐತಿ, ನೋಡೋಣ ಎಂದೆ. ಆ ಕಡೆ ಅವಳು ನಕ್ಕಳು. "ಏನಣ್ಣ, ಐತಿ ಅಂತೀಯಾ?" ಎಂದಳು. ಇಲ್ಲಿ ಮಾತ್ರ ನನಗೆ ಇಂದಿಗೂ ಮೈಸೂರ ಮಾಸ್ತರ ಎಂದೇ ಹೆಸರು. ಇವರ ಊಟ, ಇವರ ಪಾಳಿ, ಇವರ ಚಹಾದ ಸಕ್ಕರೆ ಎಲ್ಲ ಮೈಗೆ ಹಿಡಿದಿವೆ. ಆದರೆ ಒಬ್ಬ ಹಿರಿಯ ಗಂಟು ಹಿಡಿದು ಮೆಟ್ಟಿಲ ಬಳಿ ನಿಂತರೆ ಯಾಕೆ ನಿಂತನೆಂದು ಇವರಿಗೆ ಹುಟ್ಟಿನಿಂದ ಗೊತ್ತು. ನನಗೆ ಯಾರಾದರೂ ಹೇಳಬೇಕು. ಮೈಸೂರಿಗೆ ಹಿಂತಿರುಗಿದರೆ ಅಲ್ಲಿ ಶಾಲು ಹೊದಿಸುವಾಗ ಇನ್ನು ನನಗೆ ಏನೋ ತಡವಾಯಿತು ಎನ್ನಿಸುತ್ತದೆ.

ಶನಿವಾರದ ಪ್ರಯೋಗಕ್ಕೆ ಬ್ಯಾಂಡಿನವರ ಹಾಳೆಗಳಲ್ಲಿ ಹೊಸ ಜಾಗವನ್ನು ಶುದ್ಧವಾಗಿ ಬರೆದುಕೊಡುವುದು ಬಾಕಿ ಇತ್ತು. ಅಥಣಿಯಲ್ಲಿ ಕೈಸನ್ನೆಯಿಂದಲೇ ನಡೆಸಿದ್ದೆವು. ದಸ್ತಗೀರ ದ್ರಾಕ್ಷಿ ತಿನ್ನುತ್ತ ಪಕ್ಕದಲ್ಲಿ ಕೂತು, ಎಷ್ಟು ಮಾತ್ರೆ ನಿಲ್ಲಬೇಕು, ಅದನ್ನೂ ಬರೀರಿ ಎಂದ. ನನ್ನ ನೌಕರಿಯ ಉದ್ದಕ್ಕೂ ಅಳತೆ ಬರೆಯದೆ ಒಂದು ವಿರಾಮವನ್ನೂ ಬಿಟ್ಟವನಲ್ಲ. ಇಂದು ಸ್ವರದ ಮೇಲೆ ಕಮಾನು ಎಳೆದು, ಒಳಗೊಂದು ಚುಕ್ಕೆ ಇಟ್ಟು, ಅಂದರೆ ಅಳತೆಯಿಲ್ಲದೆ ಹಿಡಿದಿರಿ ಎಂಬ ಗುರುತು ಮಾಡಿ, ಪಕ್ಕದಲ್ಲಿ ಬರೆದೆ: ಬಂದವರು ಕೊಟ್ಟು ಇಳಿಯುವ ತನಕ.

ಕೊನೆಯದು ಎರಡನೆಯ ಕ್ಲಾರಿನೆಟ್ಟಿನ ಹಾಳೆ. ಅದನ್ನೂ ಮುಗಿಸಿ, ಶಾಯಿ ಆರಿದ ಮೇಲೆ ಕಟ್ಟಿನಲ್ಲಿ ಸೇರಿಸಿ, ವಖಾರಿಗೆ ಬೀಗ ಹಾಕಿದೆ.